ಆಲ್ಟೊ, ವ್ಯಾಗನ್ ಆರ್, ಟಿಯಾಗೊ: ಐದು ಲಕ್ಷದ ಆಸುಪಾಸಿನಲ್ಲಿ ಯಾವ ಕಾರು ಯಾರಿಗೆ?

ಒಂದು ದಶಕದ ಕೆಳಗೆ ಸಣ್ಣ ಕಾರು ಕೊಳ್ಳಲು ಹೊರಟವರ ಮುಂದೆ ನ್ಯಾನೊ, ಇಯಾನ್, ಬೀಟ್, ಡಟ್ಸನ್ ಗೊ, ಆಲ್ಟೊ 800 ಎಂದು ಉದ್ದದ ಪಟ್ಟಿಯೇ ಇತ್ತು. ಅವೆಲ್ಲ ಒಂದೊಂದಾಗಿ ಮಾರುಕಟ್ಟೆಯಿಂದ ಮರೆಯಾದವು. ಹೊಗೆಯ ನಿಯಮಗಳೂ ಸುರಕ್ಷತೆಯ ನಿಯಮಗಳೂ ಬಿಗಿಯಾದಂತೆ ಸಣ್ಣ ಕಾರಿನ ಬೆಲೆ ಏರಿತು, ಏರಿದ ಬೆಲೆಗೆ ಇನ್ನಷ್ಟು ಸೇರಿಸಿ ಎತ್ತರದ ಎಸ್‌ಯುವಿಯನ್ನೇ ತೆಗೆದುಕೊಳ್ಳೋಣ ಎಂಬ ಯೋಚನೆ ಮನೆಮನೆಗೂ ಬಂತು. 2025ರ ಸೆಪ್ಟೆಂಬರ್ 22ರಿಂದ ಈ ಸ್ಥಿತಿ ಸ್ವಲ್ಪ ಬದಲಾಗಿದೆ. ನಾಲ್ಕು ಮೀಟರಿಗಿಂತ ಉದ್ದವಿಲ್ಲದ, 1200 ಸಿಸಿ ಮೀರದ ಪೆಟ್ರೋಲ್ ಕಾರುಗಳ ಮೇಲೆ ಅದುವರೆಗೆ ಜಿಎಸ್‌ಟಿ ಮತ್ತು ಸೆಸ್ ಸೇರಿ ಶೇ. 29ರಷ್ಟಿದ್ದ ತೆರಿಗೆ ಅಂದು ಶೇ. 18ಕ್ಕೆ ಇಳಿಯಿತು. ಸ್ಕೂಟರಿನಲ್ಲಿ ನಾಲ್ವರು ಒತ್ತಿಕೊಂಡು ಹೋಗುವ ಕುಟುಂಬಕ್ಕೆ ಕಾರು ಮತ್ತೆ ಕೈಗೆಟುಕುವಂತಾದದ್ದು ನಿಜಕ್ಕೂ ಸಂತೋಷದ ಸಂಗತಿ. ಆದರೆ ಕೈಗೆಟುಕುವ ಕಾರುಗಳೆಲ್ಲ ಒಂದೇ ಕೆಲಸಕ್ಕೆ ಒದಗುವುದಿಲ್ಲ; ಹೋಲಿಕೆ ಬೇಕಾಗುವುದು ಇಲ್ಲಿಯೇ.

ಈ ಬರಹದಲ್ಲಿ ಮುಖ್ಯವಾಗಿ ಮೂರು ಕಾರುಗಳನ್ನು ತೂಗಿ ನೋಡಿದ್ದೇನೆ: ಮಾರುತಿ ಸುಜುಕಿ ಆಲ್ಟೊ ಕೆ10, ಅದೇ ಕಂಪನಿಯ ವ್ಯಾಗನ್ ಆರ್ ಮತ್ತು ಟಾಟಾ ಟಿಯಾಗೊ. ಮಾರುತಿಯವೇ ಆದ ಎಸ್-ಪ್ರೆಸ್ಸೊ ಮತ್ತು ಸೆಲೆರಿಯೊಗಳಲ್ಲಿರುವುದು ಆಲ್ಟೊದ ಎಂಜಿನ್ನೇ ಆದ್ದರಿಂದ ಆಲ್ಟೊದ ಬಗ್ಗೆ ಹೇಳಿದ ಬಹಳಷ್ಟು ಮಾತು ಅವುಗಳಿಗೂ ಸಲ್ಲುತ್ತದೆ. ರೆನೋ ಕ್ವಿಡ್ ನೋಡಲು ಚೆಂದ, ನೆಲದಿಂದ 184 ಮಿಲಿಮೀಟರ್ ಎತ್ತರದಲ್ಲಿದೆ, ಡಿಕ್ಕಿಯೂ ಈ ಬೆಲೆಗೆ ದೊಡ್ಡದೇ. ಆದರೆ ಅದರ ಸರ್ವಿಸ್ ಕೇಂದ್ರ ನಿಮ್ಮ ಊರಿನ ಹತ್ತಿರ ಇದೆಯೇ ಎಂಬುದನ್ನು ಮೊದಲು ವಿಚಾರಿಸಿಕೊಳ್ಳಬೇಕು. ಹ್ಯುಂಡೈ ಗ್ರ್ಯಾಂಡ್ ಐ10 ನಿಯೋಸ್ ಒಳ್ಳೆಯ ಕಾರಾದರೂ ಅದು ಇನ್ನೊಂದು ಮೆಟ್ಟಿಲು ಮೇಲಿನ ಬೆಲೆಯದು.

ಶೋರೂಮ್ ಬೆಲೆ ಮತ್ತು ಕೈಯಿಂದ ಹೋಗುವ ಹಣ

ತೆರಿಗೆ ಇಳಿದ ಹೊತ್ತಿನಲ್ಲಿ ಆಲ್ಟೊ ಕೆ10ರ ಆರಂಭಿಕ ಬೆಲೆ ಸುಮಾರು 3.70 ಲಕ್ಷ, ಟಿಯಾಗೊದ್ದು ಸುಮಾರು 4.57 ಲಕ್ಷ, ವ್ಯಾಗನ್ ಆರ್‌ದು ಸುಮಾರು 4.99 ಲಕ್ಷ ರೂಪಾಯಿ ಇತ್ತು. ಇವೆಲ್ಲ ಎಕ್ಸ್-ಶೋರೂಮ್ ಬೆಲೆಗಳು, ಅಂದರೆ ರಸ್ತೆ ತೆರಿಗೆ, ವಿಮೆ, ನೋಂದಣಿ ಸೇರದ ಬೆಲೆಗಳು. ಕರ್ನಾಟಕದಲ್ಲಿ ಕಾರು ಕೊಳ್ಳುವವರು ಎಕ್ಸ್-ಶೋರೂಮ್ ಬೆಲೆಯನ್ನು ನೋಡಿ ಬಜೆಟ್ ಹಾಕಬಾರದು, ಏಕೆಂದರೆ ಜೀವಾವಧಿ ರಸ್ತೆ ತೆರಿಗೆಯ ವಿಷಯದಲ್ಲಿ ನಮ್ಮ ರಾಜ್ಯ ದೇಶದ ದುಬಾರಿ ರಾಜ್ಯಗಳ ಸಾಲಿನಲ್ಲಿದೆ. ಐದು ಲಕ್ಷದವರೆಗಿನ ಕಾರಿಗೆ ಶೇ. 13, ಐದರಿಂದ ಹತ್ತು ಲಕ್ಷದ ಕಾರಿಗೆ ಶೇ. 14 ತೆರಿಗೆ, ಆ ತೆರಿಗೆಯ ಮೇಲೆ ಮತ್ತೆ ಸೆಸ್. ಅತ್ಯಂತ ಅಗ್ಗದ ಆಲ್ಟೊಗೂ ಆರ್‌ಟಿಒಗೆ ಕಟ್ಟುವ ತೆರಿಗೆಯೇ ಐವತ್ತು ಸಾವಿರ ದಾಟುತ್ತದೆ. ಮಧ್ಯಮ ಶ್ರೇಣಿಯ ಟಿಯಾಗೊ ಅಥವಾ ವ್ಯಾಗನ್ ಆರ್ ತೆಗೆದುಕೊಂಡರೆ ಬೆಲೆ ಐದು ಲಕ್ಷದ ಗೆರೆಯನ್ನು ದಾಟುವುದರಿಂದ ತೆರಿಗೆಯ ದರವೂ ಒಂದು ಮೆಟ್ಟಿಲು ಏರುತ್ತದೆ.

ಇನ್ನೊಂದು ಗೆರೆ ವಿಮೆಯದು. ಹೊಸ ಕಾರಿಗೆ ಮೂರು ವರ್ಷಗಳ ಥರ್ಡ್ ಪಾರ್ಟಿ ವಿಮೆಯನ್ನು ಒಟ್ಟಿಗೇ ಕಟ್ಟುವುದು ಕಡ್ಡಾಯ. 2022ರ ಜೂನ್‌ನಲ್ಲಿ ನಿಗದಿಯಾದ ದರದ ಪ್ರಕಾರ 1000 ಸಿಸಿ ಮೀರದ ಕಾರಿಗೆ ಇದು 6,521 ರೂಪಾಯಿ, 1000ದಿಂದ 1500 ಸಿಸಿವರೆಗಿನ ಕಾರಿಗೆ 10,640 ರೂಪಾಯಿ. ಆಲ್ಟೊದ ಎಂಜಿನ್ 998 ಸಿಸಿ. ವ್ಯಾಗನ್ ಆರ್‌ನ ಚಿಕ್ಕ ಎಂಜಿನ್ನೂ ಅದೇ. ಟಿಯಾಗೊದ 1199 ಸಿಸಿ ಎಂಜಿನ್ ಮತ್ತು ವ್ಯಾಗನ್ ಆರ್‌ನ 1197 ಸಿಸಿ ಎಂಜಿನ್ ಎರಡನೆಯ ಗುಂಪಿಗೆ ಸೇರುತ್ತವೆ. ಮೊತ್ತ ದೊಡ್ಡದಲ್ಲ, ಆದರೆ ಕಾರು ಇರುವಷ್ಟು ಕಾಲವೂ ಈ ವ್ಯತ್ಯಾಸ ಮುಂದುವರಿಯುತ್ತದೆ. ಶೋರೂಮಿನವರು ಕೊಡುವ ಕೊಟೇಶನ್ನಿನಲ್ಲಿ ತೆರಿಗೆ, ವಿಮೆ, ನೋಂದಣಿ, ಫಾಸ್ಟ್ಯಾಗ್ ಇವಿಷ್ಟು ಬಿಟ್ಟು ಉಳಿದ ಪ್ರತಿಯೊಂದು ಸಾಲನ್ನೂ, ಅಂದರೆ ಸೀಟ್ ಕವರ್, ಮ್ಯಾಟ್, ಪಾಲಿಶ್, ‘ಹ್ಯಾಂಡ್ಲಿಂಗ್’ ಎಂದು ಬರೆದದ್ದನ್ನೆಲ್ಲ ಇದು ಕಡ್ಡಾಯವೇ ಎಂದು ಕೇಳಬೇಕು. ವಿಮೆಯನ್ನು ಶೋರೂಮಿನಲ್ಲೇ ಮಾಡಿಸಬೇಕೆಂಬ ನಿಯಮವೂ ಇಲ್ಲ. ಹೊರಗಿನ ದರ ವಿಚಾರಿಸಿಕೊಂಡು ಹೋದವರಿಗೆ ಅಲ್ಲಿಯೂ ದರ ಇಳಿಯುವುದುಂಟು.

ಬೆಲೆಯ ಬಗ್ಗೆ ಇನ್ನೊಂದು ಮಾತು. ತೀರಾ ಕೆಳಗಿನ ಶ್ರೇಣಿ ಜಾಹೀರಾತಿಗಾಗಿ ಇರುವಂಥದು. ಪವರ್ ವಿಂಡೋ, ಸೆಂಟ್ರಲ್ ಲಾಕಿಂಗ್, ಮ್ಯೂಸಿಕ್ ಸಿಸ್ಟಮ್ ಇಂಥವನ್ನೆಲ್ಲ ಹೊರಗೆ ಒಂದೊಂದಾಗಿ ಹಾಕಿಸುತ್ತ ಹೋದರೆ ಖರ್ಚು ಮುಂದಿನ ಶ್ರೇಣಿಯ ಹತ್ತಿರ ಬಂದು ನಿಲ್ಲುತ್ತದೆ, ಅದರ ಜೊತೆಗೆ ವೈರ್ ಕತ್ತರಿಸಿದರೆ ವಾರಂಟಿಯ ತಕರಾರೂ ಸೇರಿಕೊಳ್ಳುತ್ತದೆ. ಆದ್ದರಿಂದ ಮೂರು ಕಾರುಗಳ ಹೋಲಿಕೆಯನ್ನು ಮಧ್ಯಮ ಶ್ರೇಣಿಯಲ್ಲಿ ಮಾಡುವುದೇ ಸರಿ.

ಆಲ್ಟೊದ ಹಗುರತನ

ಆಲ್ಟೊ ಕೆ10ರ ಗುಣಗಳೆಲ್ಲ ಅದರ ತೂಕದಿಂದ ಹುಟ್ಟಿದವು, ದೋಷಗಳೂ ಅಲ್ಲಿಂದಲೇ ಹುಟ್ಟಿದವು. ಈ ಕಾರಿನ ತೂಕ ಸುಮಾರು 750 ಕಿಲೊ, ಉದ್ದ 3530 ಮಿಲಿಮೀಟರ್, ಅಗಲ 1490 ಮಿಲಿಮೀಟರ್. ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ, 20–30ರ ನಿವೇಶನದ ಮನೆಗಳ ಎದುರಿನ ಅಡ್ಡರಸ್ತೆಗಳಲ್ಲಿ, ಒಂದು ಕಡೆ ಕಾರು ನಿಂತಿದ್ದು ಇನ್ನೊಂದು ಕಡೆಯಿಂದ ಆಟೊ ಬರುತ್ತಿರುವಾಗ, ಈ ಅಗಲದ ಬೆಲೆ ತಿಳಿಯುತ್ತದೆ. ಟಿಯಾಗೊ ಇದಕ್ಕಿಂತ ಸುಮಾರು 19 ಸೆಂಟಿಮೀಟರ್ ಅಗಲ, 23 ಸೆಂಟಿಮೀಟರ್ ಉದ್ದ. ಕಾಗದದ ಮೇಲೆ ಇದು ಒಂದು ಗೇಣಿನ ವ್ಯತ್ಯಾಸ. ಗೇಟಿನೊಳಗೆ ಕಾರು ನಿಲ್ಲಿಸಿ ಬಾಗಿಲು ತೆಗೆದು ಇಳಿಯಬೇಕಾದಾಗ ಅದೇ ಗೇಣು ನಿರ್ಣಾಯಕವಾಗುತ್ತದೆ. ಆಲ್ಟೊದ ತಿರುಗುವ ತ್ರಿಜ್ಯ 4.5 ಮೀಟರ್ ಆದ್ದರಿಂದ ಇಕ್ಕಟ್ಟಾದ ರಸ್ತೆಯಲ್ಲಿ ಯು-ಟರ್ನ್ ಹೊಡೆಯಲು ಎರಡು ಮೂರು ಬಾರಿ ಹಿಂದೆ ಮುಂದೆ ಮಾಡಬೇಕಾದ ಪ್ರಸಂಗ ಕಡಿಮೆ. ಹೊಸದಾಗಿ ಚಾಲನೆ ಕಲಿತವರಿಗೆ ಇದಕ್ಕಿಂತ ಸಲೀಸಾದ ಕಾರು ಈಗ ಮಾರುಕಟ್ಟೆಯಲ್ಲಿ ಇಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಹಗುರವಾಗಿರುವುದರಿಂದಲೇ ಅದು ಕಡಿಮೆ ಪೆಟ್ರೋಲ್ ಕುಡಿಯುತ್ತದೆ. ಕಂಪನಿ ಘೋಷಿಸಿರುವ ಮೈಲೇಜ್ ಲೀಟರಿಗೆ 24.39 ಕಿಲೋಮೀಟರ್. ಊರಿನ ವಾಹನದಟ್ಟಣೆಯಲ್ಲಿ ಎಸಿ ಹಾಕಿಕೊಂಡು ಓಡಿಸಿದರೆ ಇಷ್ಟು ಯಾರಿಗೂ ಸಿಗುವುದಿಲ್ಲ, ಆದರೂ ಈ ಗುಂಪಿನಲ್ಲಿ ಆಲ್ಟೊ ಮುಂಚೂಣಿಯಲ್ಲೇ ಇರುತ್ತದೆ. ಟೈರ್ 13 ಇಂಚಿನದು, ಕಿರಿದಾದದ್ದು; ನಾಲ್ಕೂ ಟೈರ್ ಬದಲಿಸುವ ಕಾಲ ಬಂದಾಗ ಖರ್ಚು ಕಡಿಮೆ. ಬಿಡಿಭಾಗಗಳು ಸಣ್ಣ ಊರಿನ ಅಂಗಡಿಯಲ್ಲೂ ಸಿಗುತ್ತವೆ, ರಿಪೇರಿ ಗೊತ್ತಿರುವ ಮೆಕ್ಯಾನಿಕ್ ಎಲ್ಲ ಕಡೆ ಇದ್ದಾನೆ, ಮಾರುವಾಗ ಕೊಳ್ಳುವವರು ತಾವಾಗಿಯೇ ಹುಡುಕಿಕೊಂಡು ಬರುತ್ತಾರೆ.

ಇನ್ನು ದೋಷಗಳು. ಕಿರಿದಾದ ಟೈರ್ ಮತ್ತು ಹಗುರವಾದ ಮೈ ಸೇರಿದಾಗ, ಹೆದ್ದಾರಿಯಲ್ಲಿ ಬಸ್ಸೊಂದು ಪಕ್ಕದಲ್ಲಿ ರಭಸವಾಗಿ ಹಾದುಹೋದರೆ ಕಾರು ಸ್ವಲ್ಪ ಅಲುಗಾಡಿದ್ದು ಸ್ಟೀರಿಂಗಿನಲ್ಲಿ ತಿಳಿಯುತ್ತದೆ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಎಡಗಡೆಯ ಲೇನ್ ಹಿಡಿದು ಹೋಗಲು ತೊಂದರೆಯಿಲ್ಲ. ಮಿತಿಯಾದ 100ರಲ್ಲಿ ತಾಸುಗಟ್ಟಲೆ ಓಡಿಸಿದರೆ ಎಂಜಿನ್ನಿನ ಸದ್ದು, ಗಾಳಿಯ ಸದ್ದು, ಟೈರಿನ ಸದ್ದು ಮೂರೂ ಸೇರಿ ಓಡಿಸುವವರನ್ನು ದಣಿಸುತ್ತವೆ. ಹಿಂದಿನ ಸೀಟಿನಲ್ಲಿ ಇಬ್ಬರು ದೊಡ್ಡವರು ಮತ್ತು ಒಂದು ಮಗುವಿಗಿಂತ ಹೆಚ್ಚು ಜನರನ್ನು ಕೂರಿಸುವುದು ಹಿಂಸೆ. ಡಿಕ್ಕಿ 214 ಲೀಟರಿನದು: ಎರಡು ಮಧ್ಯಮ ಗಾತ್ರದ ಬ್ಯಾಗು ಇಟ್ಟರೆ ತುಂಬಿತು. ಊರಿನಿಂದ ಅಕ್ಕಿ ಮೂಟೆ, ತೆಂಗಿನಕಾಯಿ, ಬಾಳೆಗೊನೆ ತರುವ ಮನೆಗಳಿಗೆ ಇದು ಸಾಲದು.

ಘಾಟಿಯ ಲೆಕ್ಕ

ಒಬ್ಬರೇ ಕುಳಿತು ಟೆಸ್ಟ್ ಡ್ರೈವ್ ಮಾಡಿದವರು ಆಲ್ಟೊದ ಚುರುಕುತನವನ್ನು ಹೊಗಳುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ಆಲ್ಟೊದ ಎಂಜಿನ್ ಸುಮಾರು 67 ಅಶ್ವಶಕ್ತಿಯದು, ಟಿಯಾಗೊದ್ದು 86. ಟಿಯಾಗೊದ ತೂಕ ಸುಮಾರು 950 ಕಿಲೊ ಎಂದಿಟ್ಟುಕೊಂಡರೆ, ಖಾಲಿ ಕಾರಿನಲ್ಲಿ ಪ್ರತಿ ಟನ್ನಿಗೆ ಎರಡರಲ್ಲೂ ಸುಮಾರು 90 ಅಶ್ವಶಕ್ತಿ ದೊರೆಯುತ್ತದೆ. ಅಂದರೆ ಎಂಜಿನ್ ಚಿಕ್ಕದಾದರೂ ಹೊರಬೇಕಾದ ಭಾರ ಕಡಿಮೆಯಿರುವುದರಿಂದ ಆಲ್ಟೊ ಹಿಂದೆ ಬೀಳುವುದಿಲ್ಲ.

ನಾಲ್ವರು ದೊಡ್ಡವರೂ ಅವರ ಸಾಮಾನೂ ಏರಿದಾಗ ಲೆಕ್ಕ ಬದಲಾಗುತ್ತದೆ. ಎಲ್ಲ ಸೇರಿ 300 ಕಿಲೊ ಎಂದುಕೊಳ್ಳೋಣ. ಆಲ್ಟೊಗೆ ಅದು ತನ್ನ ತೂಕದ ಶೇ. 40ರಷ್ಟು ಹೊರೆ, ಟಿಯಾಗೊಗೆ ಸುಮಾರು ಶೇ. 32. ಆಗ ಪ್ರತಿ ಟನ್ನಿಗೆ ಆಲ್ಟೊದಲ್ಲಿ ಉಳಿಯುವುದು ಸುಮಾರು 64, ಟಿಯಾಗೊದಲ್ಲಿ ಸುಮಾರು 69. ವ್ಯಾಗನ್ ಆರ್‌ನ 998 ಸಿಸಿ ಎಂಜಿನ್ನಿಗೆ ಆಲ್ಟೊಗಿಂತ ದೊಡ್ಡ ಮೈಯನ್ನು ಎಳೆಯಬೇಕಾದ್ದರಿಂದ ಅದು 60ರ ಹತ್ತಿರಕ್ಕೆ ಇಳಿಯುತ್ತದೆ. ಅದೇ ವ್ಯಾಗನ್ ಆರ್‌ನ 1197 ಸಿಸಿ, ನಾಲ್ಕು ಸಿಲಿಂಡರಿನ, 90 ಅಶ್ವಶಕ್ತಿಯ ಎಂಜಿನ್ ಆದರೆ 80ರ ಹತ್ತಿರ ನಿಲ್ಲುತ್ತದೆ. ಸಕಲೇಶಪುರ ದಾಟಿ ಶಿರಾಡಿಯಲ್ಲಿ ಇಳಿದು ಮತ್ತೆ ಹತ್ತುವವರಿಗೆ, ಚಾರ್ಮಾಡಿಯ ದಾರಿಯಲ್ಲಿ ಲಾರಿಯ ಹಿಂದೆ ಸಿಕ್ಕಿಕೊಂಡು ಅದನ್ನು ದಾಟಲು ಚಿಕ್ಕ ಅವಕಾಶಕ್ಕಾಗಿ ಕಾಯುವವರಿಗೆ, ಆಗುಂಬೆಯ 14 ತಿರುವುಗಳನ್ನು ಎರಡನೆಯ ಗೇರಿನಲ್ಲಿ ಏರುವವರಿಗೆ ಈ ಸಂಖ್ಯೆಗಳ ಅರ್ಥ ಚೆನ್ನಾಗಿ ಗೊತ್ತು. ಆಲ್ಟೊ ಘಾಟಿ ಹತ್ತುವುದಿಲ್ಲ ಎಂದು ಹೇಳುವವರ ಮಾತು ಸುಳ್ಳು, ಅದು ಹತ್ತುತ್ತದೆ. ಆದರೆ ತುಂಬಿದ ಕಾರಿನಲ್ಲಿ ಎಸಿ ಹಾಕಿಕೊಂಡು ಏರುವಾಗ ಗೇರು ಇಳಿಸುತ್ತಲೇ ಇರಬೇಕು, ಓವರ್‌ಟೇಕ್ ಮಾಡುವ ಮುನ್ನ ಎರಡು ಬಾರಿ ಯೋಚಿಸಬೇಕು. ತಿಂಗಳಿಗೊಮ್ಮೆ ಊರಿಗೆ ಘಾಟಿ ಇಳಿದು ಹೋಗುವ ಕರಾವಳಿಯ ಕುಟುಂಬ ಬೆಂಗಳೂರಿನಲ್ಲಿದ್ದರೆ, ಅವರಿಗೆ ನಾನು ಹೇಳುವುದು ಟಿಯಾಗೊ ಅಥವಾ ದೊಡ್ಡ ಎಂಜಿನ್ನಿನ ವ್ಯಾಗನ್ ಆರ್.

ಈ ಎರಡರ ನಡುವೆಯೂ ವ್ಯತ್ಯಾಸವಿದೆ. ಟಿಯಾಗೊದ ಎಂಜಿನ್ ಮೂರು ಸಿಲಿಂಡರಿನದು. ನಿಂತಾಗ ಅದರ ಕಂಪನ ಗೇರ್ ಲಿವರಿನಲ್ಲೂ ಸೀಟಿನಲ್ಲೂ ಸ್ವಲ್ಪ ತಿಳಿಯುತ್ತದೆ. ವ್ಯಾಗನ್ ಆರ್‌ನ ದೊಡ್ಡ ಎಂಜಿನ್ ಬಹಳ ನಯ. ಆದರೆ ತಿರುವಿನಲ್ಲಿ ಟಿಯಾಗೊ ನೆಲ ಕಚ್ಚಿಕೊಂಡು ಹೋಗುತ್ತದೆ, 1675 ಮಿಲಿಮೀಟರ್ ಎತ್ತರದ ವ್ಯಾಗನ್ ಆರ್ ಮಗ್ಗುಲಿಗೆ ವಾಲುತ್ತದೆ, ಹಿಂದೆ ಕುಳಿತವರಿಗೆ ತಲೆ ತಿರುಗುವುದುಂಟು. ಘಾಟಿಯಲ್ಲಿ ವಾಂತಿಯಾಗುವ ಮಕ್ಕಳಿರುವ ಮನೆಯವರು ಇದನ್ನು ಸಣ್ಣ ವಿಷಯವೆಂದು ಬಿಡಬಾರದು.

ಸುರಕ್ಷತೆಯ ನಕ್ಷತ್ರಗಳನ್ನು ಓದುವ ಬಗೆ

ಸಣ್ಣ ಕಾರಿನ ಬಗ್ಗೆ ಅತಿ ಹೆಚ್ಚು ವಾದ ನಡೆಯುವುದು ಈ ವಿಷಯದಲ್ಲಿ, ಅತಿ ಹೆಚ್ಚು ತಪ್ಪು ತಿಳಿವಳಿಕೆ ಇರುವುದೂ ಇದರಲ್ಲೇ. ಕಾರುಗಳನ್ನು ಬೇಕೆಂದೇ ಗುದ್ದಿಸಿ ಪರೀಕ್ಷಿಸಿ ಸುರಕ್ಷತೆಗೆ ನಕ್ಷತ್ರ ಕೊಡುವ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ 2020ರ ಜನವರಿಯಲ್ಲಿ ಟಿಯಾಗೊಗೆ ವಯಸ್ಕರ ರಕ್ಷಣೆಯಲ್ಲಿ ನಾಲ್ಕು, ಮಕ್ಕಳ ರಕ್ಷಣೆಯಲ್ಲಿ ಮೂರು ನಕ್ಷತ್ರ ನೀಡಿತು. ಅದೇ ಸಂಸ್ಥೆ 2023ರ ಏಪ್ರಿಲ್‌ನಲ್ಲಿ ಆಲ್ಟೊ ಕೆ10ಕ್ಕೆ ವಯಸ್ಕರ ರಕ್ಷಣೆಯಲ್ಲಿ ಎರಡು, ವ್ಯಾಗನ್ ಆರ್‌ಗೆ ಒಂದು ನಕ್ಷತ್ರ ನೀಡಿತು. ಮಕ್ಕಳ ರಕ್ಷಣೆಯಲ್ಲಿ ಎರಡಕ್ಕೂ ಸೊನ್ನೆ. ಇಷ್ಟನ್ನು ಮಾತ್ರ ಪಕ್ಕಪಕ್ಕದಲ್ಲಿಟ್ಟು ತೀರ್ಪು ಕೊಡುವುದು ಪೂರ್ತಿ ನ್ಯಾಯವಲ್ಲ. 2022ರ ಜುಲೈನಲ್ಲಿ ಪರೀಕ್ಷೆಯ ನಿಯಮಗಳೇ ಬದಲಾದವು. ಹಳೆಯ ನಿಯಮದಲ್ಲಿ ಮುಖ್ಯವಾಗಿದ್ದದ್ದು ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ಮುಂಭಾಗದ ಒಂದು ಪಾರ್ಶ್ವ ತಡೆಗೆ ಬಡಿಯುವ ಪರೀಕ್ಷೆ; ಹೊಸ ನಿಯಮದಲ್ಲಿ ಪಕ್ಕದಿಂದ ಬೀಳುವ ಹೊಡೆತ, ಕಾರು ಜಾರದಂತೆ ತಡೆಯುವ ಇಎಸ್‌ಸಿ ವ್ಯವಸ್ಥೆ ಇವೂ ಲೆಕ್ಕಕ್ಕೆ ಬಂದವು. ಅಂದರೆ ಟಿಯಾಗೊ ಪಡೆದ ನಾಲ್ಕು ನಕ್ಷತ್ರ ಸುಲಭದ ಪ್ರಶ್ನೆಪತ್ರಿಕೆಯಲ್ಲಿ ಪಡೆದದ್ದು.

ಹಾಗಿದ್ದರೂ ಟಿಯಾಗೊದ ಮೈಕಟ್ಟು ಈ ಮೂರರಲ್ಲಿ ಗಟ್ಟಿಯಾದದ್ದು ಎಂಬ ತೀರ್ಮಾನಕ್ಕೆ ನಾನು ಬಂದಿದ್ದೇನೆ. ಅಪಘಾತದಲ್ಲಿ ಪ್ರಯಾಣಿಕರು ಕುಳಿತ ಭಾಗ ಕುಸಿಯದೆ ಉಳಿಯುತ್ತದೆಯೇ ಎಂಬುದು ಎಲ್ಲಕ್ಕಿಂತ ಮುಖ್ಯ, ಏಕೆಂದರೆ ಆ ಭಾಗವೇ ಮುದ್ದೆಯಾದರೆ ಏರ್‌ಬ್ಯಾಗ್ ಎಷ್ಟಿದ್ದರೇನು? 2023ರ ಪರೀಕ್ಷೆಯಲ್ಲಿ ಆಲ್ಟೊದ ಮೈಕಟ್ಟು ಸ್ಥಿರವಾಗಿದೆ ಎಂದು, ವ್ಯಾಗನ್ ಆರ್‌ದು ಸ್ಥಿರವಾಗಿಲ್ಲ ಎಂದು ವರದಿ ಬಂತು. ದೊಡ್ಡದಾಗಿ ಕಾಣುವ ಕಾರು ಹೆಚ್ಚು ಸುರಕ್ಷಿತ ಎಂದು ಭಾವಿಸುವವರು ಈ ಮಾತನ್ನು ಗಮನಿಸಬೇಕು.

ಆ ಪರೀಕ್ಷೆಯ ನಂತರ ಮಾರುತಿ ಕಂಪನಿ ಆಲ್ಟೊಗೆ 2024ರಲ್ಲಿ ಜಾರುವಿಕೆಯನ್ನು ತಡೆಯುವ ವ್ಯವಸ್ಥೆಯನ್ನೂ, 2025ರಲ್ಲಿ ಆರು ಏರ್‌ಬ್ಯಾಗ್‌ಗಳನ್ನೂ ಎಲ್ಲ ಶ್ರೇಣಿಗಳಲ್ಲಿ ಅಳವಡಿಸಿತು. ವ್ಯಾಗನ್ ಆರ್ ಮತ್ತು ಸೆಲೆರಿಯೊಗೂ ಆರು ಏರ್‌ಬ್ಯಾಗ್ ಬಂದವು. ಪಕ್ಕದಿಂದ ಗುದ್ದಿದಾಗ ತಲೆಯನ್ನು ಕಾಯುವ ಪರದೆಯಂಥ ಏರ್‌ಬ್ಯಾಗ್ ಇಷ್ಟು ಅಗ್ಗದ ಕಾರಿನಲ್ಲಿ ಬಂದದ್ದು ದೊಡ್ಡ ವಿಷಯ, ಕಂಪನಿಗೆ ಅದರ ಶ್ರೇಯಸ್ಸು ಸಲ್ಲಬೇಕು. ಟಿಯಾಗೊ ಕೊಳ್ಳುವವರು ತಾವು ಆರಿಸಿದ ಶ್ರೇಣಿಯಲ್ಲಿ ಎಷ್ಟು ಏರ್‌ಬ್ಯಾಗ್ ಇವೆ, ಇಎಸ್‌ಸಿ (ಇದನ್ನೇ ಇಎಸ್‌ಪಿ ಎಂದೂ ಕರೆಯುತ್ತಾರೆ) ಇದೆಯೇ, ಮಗುವಿನ ಸೀಟನ್ನು ಬಿಗಿಯುವ ಐಸೊಫಿಕ್ಸ್ ಕೊಂಡಿ ಇದೆಯೇ ಎಂಬುದನ್ನು ಕೇಳಿ ಬರೆಸಿಕೊಳ್ಳಬೇಕು. ಮೈಕಟ್ಟು ಗಟ್ಟಿ ಎಂಬ ಒಂದೇ ಕಾರಣಕ್ಕೆ ಉಳಿದದ್ದನ್ನು ಬಿಟ್ಟುಕೊಡಬಾರದು.

ಇದೆಲ್ಲ ಕಾರಿಗೂ ಕಾರಿಗೂ ನಡುವಿನ ಹೋಲಿಕೆ. ಸ್ಕೂಟರಿನಿಂದ ಕಾರಿಗೆ ಬರುತ್ತಿರುವ ಕುಟುಂಬಕ್ಕೆ ಹೋಲಿಕೆ ಬೇರೆಯೇ. ಮಳೆಯಲ್ಲಿ ಹೆಂಡತಿ, ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ದ್ವಿಚಕ್ರ ವಾಹನದಲ್ಲಿ ಹೋಗುವವರಿಗೆ ‘ಎರಡು ನಕ್ಷತ್ರದ ಕಾರು ಬೇಡ, ಇನ್ನೆರಡು ವರ್ಷ ಹಣ ಕೂಡಿಸಿ ದೊಡ್ಡದು ತೆಗೆದುಕೊಳ್ಳಿ’ ಎಂದು ಬುದ್ಧಿ ಹೇಳುವುದು ಸರಿಯಲ್ಲ. ಆ ಎರಡು ವರ್ಷ ಅವರು ಯಾವ ನಕ್ಷತ್ರವೂ ಇಲ್ಲದ ಸ್ಕೂಟರಿನಲ್ಲೇ ಓಡಾಡಬೇಕಲ್ಲ! ಊರೊಳಗೆ 40ರ ವೇಗದಲ್ಲಿ, ಎಲ್ಲರೂ ಬೆಲ್ಟ್ ಹಾಕಿಕೊಂಡು ಹೋಗುವ ಆಲ್ಟೊ ಅವರ ಬದುಕನ್ನು ಅದೇ ದಿನದಿಂದ ಸುರಕ್ಷಿತಗೊಳಿಸುತ್ತದೆ. ಹಿಂದಿನ ಸೀಟಿನವರೂ ಬೆಲ್ಟ್ ಹಾಕಬೇಕು ಎಂಬುದು ಕಾನೂನು. ಮಗುವನ್ನು ಮುಂದಿನ ಸೀಟಿನಲ್ಲಿ ಮಡಿಲ ಮೇಲೆ ಕೂರಿಸಿಕೊಳ್ಳುವ ಅಭ್ಯಾಸವನ್ನು ಯಾವ ಕಾರಿನಲ್ಲಾದರೂ ಬಿಡಲೇಬೇಕು, ಏರ್‌ಬ್ಯಾಗ್ ಸಿಡಿಯುವ ರಭಸವೇ ಆ ಮಗುವಿಗೆ ಮಾರಕ.

ಮೊಣಕಾಲು ನೋವಿನವರು, ಡಿಕ್ಕಿ, ಮನೆಯ ಹಿರಿಯರು

ವ್ಯಾಗನ್ ಆರ್ ಇಷ್ಟು ವರ್ಷ ಉಳಿದಿರುವುದಕ್ಕೆ ಕಾರಣ ಒಂದೇ: ಅದರೊಳಗೆ ಹತ್ತುವುದೂ ಇಳಿಯುವುದೂ ಸುಲಭ. 1999ರ ಕೊನೆಯಲ್ಲಿ ಈ ಹೆಸರಿನ ಮೊದಲ ಕಾರು ಬಂದಾಗ ಅದರ ಪೆಟ್ಟಿಗೆಯಂಥ ಆಕಾರವನ್ನು ಮೆಚ್ಚಿದವರು ಕಡಿಮೆ. ಆದರೆ ಬಾಗಿಲು ಎತ್ತರ, ಸೀಟು ಎತ್ತರ. ಮೊಣಕಾಲು ನೋವಿರುವ ಅಜ್ಜಿ ತಲೆ ಬಗ್ಗಿಸದೆ, ಬೇರೆಯವರ ಕೈ ಹಿಡಿಯದೆ ಕುರ್ಚಿಯ ಮೇಲೆ ಕುಳಿತಂತೆ ಕುಳಿತುಕೊಳ್ಳಬಹುದು. ಟಿಯಾಗೊದಲ್ಲಿ ಸೀಟು ತಗ್ಗಿನಲ್ಲಿದೆ, ಒಳಗೆ ಜಾರಿದಂತೆ ಕೂರಬೇಕು, ಏಳುವಾಗ ಮೊಣಕಾಲಿಗೆ ಭಾರ ಬೀಳುತ್ತದೆ. ಹಿರಿಯರನ್ನು ವಾರಕ್ಕೊಮ್ಮೆ ಆಸ್ಪತ್ರೆಗೆ, ದೇವಸ್ಥಾನಕ್ಕೆ ಕರೆದೊಯ್ಯುವ ಮನೆಯಲ್ಲಿ ಈ ಒಂದು ಗುಣದ ಮುಂದೆ ಉಳಿದ ಹೋಲಿಕೆಗಳೆಲ್ಲ ಹಿಂದೆ ಸರಿದರೆ ಆಶ್ಚರ್ಯವಿಲ್ಲ.

ಡಿಕ್ಕಿಯಲ್ಲೂ ಅದೇ ಮುಂದು: ವ್ಯಾಗನ್ ಆರ್ 341 ಲೀಟರ್, ಟಿಯಾಗೊ 242 ಲೀಟರ್. ಕಾರಿನ ಉದ್ದದಲ್ಲಿ ವ್ಯಾಗನ್ ಆರ್ ಟಿಯಾಗೊಗಿಂತ 11 ಸೆಂಟಿಮೀಟರ್ ಚಿಕ್ಕದು ಎಂಬುದನ್ನು ನೆನೆದರೆ, ಒಳಗಿನ ಜಾಗವನ್ನು ಎಷ್ಟು ಜಾಣತನದಿಂದ ಹೊಂದಿಸಿದ್ದಾರೆಂಬುದು ತಿಳಿಯುತ್ತದೆ. ಟ್ಯಾಕ್ಸಿಯವರು ಇದನ್ನೇ ಆರಿಸುವುದಕ್ಕೂ ಇದೇ ಕಾರಣ. ಮೈಕಟ್ಟಿನ ವಿಷಯದಲ್ಲಿ ಮಾತ್ರ ಮೇಲೆ ಹೇಳಿದ ಕೊರತೆ ಅದರ ಬೆನ್ನಿಗೆ ಅಂಟಿಕೊಂಡೇ ಇದೆ. ಆದ್ದರಿಂದ ಊರೊಳಗಿನ ಓಡಾಟ ಹೆಚ್ಚಿರುವವರಿಗೆ ಇದನ್ನು ಹೇಳಬಲ್ಲೆ, ವಾರಕ್ಕೆರಡು ಬಾರಿ ಹೆದ್ದಾರಿ ಹಿಡಿಯುವವರಿಗೆ ಹೇಳಲಾರೆ.

ಪೆಟ್ರೋಲ್, ಸಿಎನ್‌ಜಿ, ಎಎಂಟಿ

ಮೈಲೇಜಿನ ವ್ಯತ್ಯಾಸವನ್ನು ರೂಪಾಯಿಗೆ ಪರಿವರ್ತಿಸಿ ನೋಡುವುದು ಒಳ್ಳೆಯದು. ನಿತ್ಯದ ಓಡಾಟದಲ್ಲಿ ಆಲ್ಟೊ ಲೀಟರಿಗೆ 20, ಟಿಯಾಗೊ 16 ಕಿಲೋಮೀಟರ್ ಕೊಡುತ್ತವೆ ಎಂದು ಊಹಿಸಿ, ಪೆಟ್ರೋಲಿಗೆ 100 ರೂಪಾಯಿಯ ಸುಲಭದ ಲೆಕ್ಕ ಹಿಡಿಯೋಣ. ವರ್ಷಕ್ಕೆ 10,000 ಕಿಲೋಮೀಟರ್ ಓಡಿದರೆ ಆಲ್ಟೊಗೆ 50,000, ಟಿಯಾಗೊಗೆ 62,500 ರೂಪಾಯಿ; ತಿಂಗಳಿಗೆ ಸುಮಾರು ಸಾವಿರ ರೂಪಾಯಿಯ ವ್ಯತ್ಯಾಸ. ವರ್ಷಕ್ಕೆ 4,000 ಕಿಲೋಮೀಟರ್ ಮಾತ್ರ ಓಡುವವರಿಗೆ, ಅಂದರೆ ಭಾನುವಾರಕ್ಕೂ ಹಬ್ಬಕ್ಕೂ ಕಾರು ತೆಗೆಯುವವರಿಗೆ, ಇಡೀ ವರ್ಷದ ವ್ಯತ್ಯಾಸ 5,000 ರೂಪಾಯಿ. ಇಷ್ಟು ಕಡಿಮೆ ಓಡುವವರು ಮೈಲೇಜಿಗಾಗಿಯೇ ಹಗುರ ಕಾರನ್ನು ಆರಿಸುವುದರಲ್ಲಿ ಅರ್ಥವಿಲ್ಲ. ವಿಚಿತ್ರವೆಂದರೆ ಮೈಲೇಜ್ ಎಷ್ಟು ಎಂದು ಮೊದಲು ಕೇಳುವವರು ಬಹುಪಾಲು ಅವರೇ.

ಸಿಎನ್‌ಜಿ ತುಂಬಾ ಓಡುವವರಿಗೆ ಮಾತ್ರ. ಆಲ್ಟೊದ ಸಿಎನ್‌ಜಿ ಮಾದರಿ ಕಿಲೊಗೆ 33.85 ಕಿಲೋಮೀಟರ್ ಎಂದು ಕಂಪನಿ ಹೇಳುತ್ತದೆ, ಆದರೆ ಅದರಲ್ಲಿ ಶಕ್ತಿ 57 ಅಶ್ವಶಕ್ತಿಗೆ ಇಳಿಯುತ್ತದೆ ಮತ್ತು ಸಿಲಿಂಡರ್ ಡಿಕ್ಕಿಯನ್ನು ನುಂಗುತ್ತದೆ. ಟಾಟಾದವರು ಒಂದು ದೊಡ್ಡ ಸಿಲಿಂಡರಿನ ಬದಲು ಎರಡು ಚಿಕ್ಕ ಸಿಲಿಂಡರುಗಳನ್ನು ಡಿಕ್ಕಿಯ ನೆಲದಡಿ ಇಟ್ಟು ಈ ತೊಂದರೆಯನ್ನು ಬಹುಮಟ್ಟಿಗೆ ಬಗೆಹರಿಸಿದ್ದಾರೆ. 2024ರಿಂದ ಟಿಯಾಗೊ ಸಿಎನ್‌ಜಿಯಲ್ಲಿ ತಾನಾಗಿಯೇ ಬದಲಾಗುವ ಎಎಂಟಿ ಗೇರ್ ಕೂಡ ಸಿಗುತ್ತದೆ. ಕೊಳ್ಳುವ ಮೊದಲು ನಿಮ್ಮ ನಿತ್ಯದ ದಾರಿಯಲ್ಲಿ ಸಿಎನ್‌ಜಿ ಬಂಕ್ ಇದೆಯೇ, ಬೆಳಗಿನ ಹೊತ್ತು ಅಲ್ಲಿ ಆಟೊಗಳ ಸಾಲು ಎಷ್ಟುದ್ದ ಇರುತ್ತದೆ ಎಂದು ಕಣ್ಣಾರೆ ನೋಡಿ ಬರಬೇಕು. ಮೂರು ವರ್ಷಕ್ಕೊಮ್ಮೆ ಸಿಲಿಂಡರಿನ ಒತ್ತಡ ಪರೀಕ್ಷೆ ಮಾಡಿಸುವುದೂ ಕಡ್ಡಾಯ.

ಎಎಂಟಿ ಎಂದರೆ ಸಾಮಾನ್ಯ ಗೇರ್‌ಬಾಕ್ಸಿಗೇ ಕ್ಲಚ್ ತುಳಿದು ಗೇರು ಬದಲಿಸುವ ಯಂತ್ರವನ್ನು ಜೋಡಿಸಿದ ವ್ಯವಸ್ಥೆ. ಸಿಲ್ಕ್ ಬೋರ್ಡ್, ಹೆಬ್ಬಾಳದಂಥ ಕಡೆ ದಿನವೂ ನಿಂತು ಸಾಗುವವರ ಎಡಗಾಲಿಗೆ ಇದು ದೊಡ್ಡ ಬಿಡುವು ಕೊಡುತ್ತದೆ. ಗೇರು ಬದಲಾಗುವಾಗ ಕಾರು ಒಂದು ಕ್ಷಣ ಉಸಿರು ಹಿಡಿದಂತೆ ತಡೆಯುತ್ತದೆ. ಆಕ್ಸಿಲರೇಟರ್ ಹದವಾಗಿ ಒತ್ತಲು ಕಲಿತರೆ ಇದು ಬಹಳ ಕಾಡುವುದಿಲ್ಲ. ಘಾಟಿಯ ಏರಿನಲ್ಲಿ ಮಾತ್ರ ಮ್ಯಾನ್ಯುವಲ್ ಗೇರಿನ ಹಿಡಿತ ಎಎಂಟಿಗೆ ಇಲ್ಲ.

ಹಳೆಯ ಕಾರಿನ ದಾರಿ

ಅದೇ ಐದು ಲಕ್ಷಕ್ಕೆ ನಾಲ್ಕೈದು ವರ್ಷ ಓಡಿದ ಇನ್ನೂ ದೊಡ್ಡ ಕಾರು ಸಿಗುತ್ತದೆ. ಜೀವಾವಧಿ ತೆರಿಗೆಯನ್ನು ಮೊದಲ ಮಾಲೀಕರೇ ಕಟ್ಟಿರುವುದರಿಂದ ಕರ್ನಾಟಕದಲ್ಲಿ ಇದು ದೊಡ್ಡ ಉಳಿತಾಯ. ಆದರೆ ಬೇರೆ ರಾಜ್ಯದ ನೋಂದಣಿಯ ಕಾರು ಅಗ್ಗಕ್ಕೆ ಸಿಕ್ಕಿತೆಂದು ತಂದರೆ ಇಲ್ಲಿ ಮತ್ತೆ ತೆರಿಗೆ ಕಟ್ಟಬೇಕಾಗುತ್ತದೆ. ಆರ್‌ಸಿಯಲ್ಲಿ ಬ್ಯಾಂಕಿನ ಸಾಲದ ನಮೂದು ತೆಗೆಸಿದ್ದಾರೆಯೇ, ವಿಮೆಯಲ್ಲಿ ಹಿಂದೆ ದೊಡ್ಡ ಕ್ಲೈಮ್ ಆಗಿದೆಯೇ, ಕಂಪನಿಯ ಸರ್ವಿಸ್ ದಾಖಲೆಯೂ ಮೀಟರಿನ ಓಟವೂ ತಾಳೆಯಾಗುತ್ತವೆಯೇ ಎಂಬುದನ್ನು ನೋಡಿದ ಮೇಲೆಯೇ ಮುಂಗಡ ಕೊಡಬೇಕು. ಪರಿಚಯದ ಮೆಕ್ಯಾನಿಕ್ ಇಲ್ಲದವರಿಗೆ, ರಿಪೇರಿಯ ಅನಿಶ್ಚಿತ ಖರ್ಚನ್ನು ತಡೆದುಕೊಳ್ಳಲಾಗದವರಿಗೆ ಹೊಸ ಆಲ್ಟೊ ಹಳೆಯ ದೊಡ್ಡ ಕಾರಿಗಿಂತ ನೆಮ್ಮದಿ.

ಯಾರಿಗೆ ಯಾವುದು

ಗಂಡ ಹೆಂಡತಿ, ಒಂದು ಪುಟ್ಟ ಮಗು, ಓಡಾಟ ಊರೊಳಗೆ, ಕಂತಿನ ಹಣ ಬಿಗಿ, ನಿಲ್ಲಿಸಲು ಜಾಗ ಕಡಿಮೆ. ಇಂಥವರಿಗೆ ಆಲ್ಟೊ ಕೆ10ರ ಮಧ್ಯಮ ಶ್ರೇಣಿ. ಹಿರಿಯರು ಜೊತೆಗಿದ್ದು, ಓಡಾಟ ಬಹುಪಾಲು ಊರು ಮತ್ತು ಪಕ್ಕದ ತಾಲ್ಲೂಕಿನೊಳಗಿದ್ದರೆ ವ್ಯಾಗನ್ ಆರ್, ಹಣ ಒದಗುವುದಾದರೆ 1197 ಸಿಸಿಯದು. ನಾಲ್ವರ ಕುಟುಂಬ ಹೆದ್ದಾರಿಯಲ್ಲೂ ಘಾಟಿಯಲ್ಲೂ ಮತ್ತೆ ಮತ್ತೆ ಹೋಗುವುದಾದರೆ ಟಿಯಾಗೊ. ಹಾಗೆ ಆರಿಸುವವರು ತಮ್ಮ ಊರಿನ ಟಾಟಾ ಸರ್ವಿಸ್ ಕೇಂದ್ರದ ಬಗ್ಗೆ ಈಗಾಗಲೇ ಆ ಕಾರು ಇಟ್ಟುಕೊಂಡವರನ್ನು ವಿಚಾರಿಸಬೇಕು, ಏಕೆಂದರೆ ಸರ್ವಿಸ್‌ನ ಗುಣಮಟ್ಟ ಊರಿಂದೂರಿಗೆ ಬದಲಾಗುತ್ತದೆ. ಮಲೆನಾಡು, ಕರಾವಳಿಯವರು ಹಿಂದಿನ ಗಾಜಿಗೆ ವೈಪರ್ ಇರುವ ಶ್ರೇಣಿಯನ್ನೇ ಕೇಳಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದಿಲ್ಲದೆ ಹಿಂದೆ ಏನೂ ಕಾಣುವುದಿಲ್ಲ.

ಟೆಸ್ಟ್ ಡ್ರೈವಿಗೆ ಮನೆಯವರೆಲ್ಲರೂ ಹೋಗಿ. ಶೋರೂಮಿನವರು ಹೇಳುವ ನೇರ ರಸ್ತೆಯನ್ನು ಬಿಟ್ಟು, ಹತ್ತಿರದ ಯಾವುದಾದರೂ ಏರು ರಸ್ತೆಗೆ ಕಾರನ್ನು ತೆಗೆದುಕೊಂಡು ಹೋಗಿ, ಎಲ್ಲರೂ ಕುಳಿತು ಎಸಿ ಹಾಕಿಕೊಂಡು, ಏರಿನ ನಡುವೆ ನಿಲ್ಲಿಸಿ ಮತ್ತೆ ಹೊರಡಿಸಿ. ದೊಡ್ಡ ಹಂಪಿನ ಮೇಲೆ ತುಂಬಿದ ಕಾರು ಅಡಿ ಉಜ್ಜುತ್ತದೆಯೇ ಕೇಳಿಸಿಕೊಳ್ಳಿ. ಹಿರಿಯರನ್ನು ಹಿಂದಿನ ಸೀಟಿಗೆ ಎರಡು ಮೂರು ಬಾರಿ ಹತ್ತಿ ಇಳಿಯಲು ಹೇಳಿ, ನೀವೂ ಹದಿನೈದು ನಿಮಿಷ ಅಲ್ಲಿ ಕುಳಿತು ಬನ್ನಿ. ಕಾರು ಓಡಿಸುವವರು ಎಂದೂ ಕೂರದ ಜಾಗ ಅದು. ರಾತ್ರಿ ಹೊತ್ತು ಓಡಾಡುವ ಅಭ್ಯಾಸವಿದ್ದರೆ ಸಂಜೆ ಏಳರ ನಂತರ ಇನ್ನೊಮ್ಮೆ ಕೇಳಿ ಹೆಡ್‌ಲೈಟಿನ ಬೆಳಕು ನೋಡಿ. ಇಷ್ಟಕ್ಕೆ ಒಪ್ಪದ ಶೋರೂಮ್ ಇದ್ದರೆ ಅದೇ ಕಂಪನಿಯ ಇನ್ನೊಂದು ಶೋರೂಮಿಗೆ ಹೋಗಬಹುದು.